ಎರಡು ಸಲ ಹಾಡಿದ ‘ಮದರಂಗಿ ಕೈ’

ಮೂಡುಬಿದಿರೆ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಅಜ್ಮಲ್‌ರಿಗೆ ಸಬೀಹಾಳ ಸಲಾಂ.

ನಿಮ್ಮ ಬೆನ್ನುನೋವು ಹೇಗುಂಟು? ನಿಮ್ಮ ಉಮ್ಮ ಕಳಿಸಿದ ಎಣ್ಣೆಯನ್ನು ಹಚ್ಚುತ್ತಿದ್ದೀರೋ, ಅಲ್ಲ ಶೀಶೆ ಕಿಟಕಿಯಲ್ಲೇ ಕೂತಿದೆಯೋ? ನನಗೆ ಏಳು ತಿಂಗಳು ತುಂಬಿತು. ಕಾಲು ಸ್ವಲ್ಪ ಬಾತಿದೆ, ಬೇರೇನೂ ತೊಂದರೆಯಿಲ್ಲ. ಡಾಕ್ಟರಮ್ಮ ನಡೆಯಲು ಹೇಳಿದ್ದಾರೆ, ನನ್ನ ಉಮ್ಮ ನಡೆಯಲು ಬಿಡುವುದಿಲ್ಲ. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಗಾಬರಿಯಾಗಬಹುದು. ಫೋನಿನಲ್ಲಿ ಕೇಳಿದರೆ ನೀವು ನಕ್ಕು ಮಾತು ತೇಲಿಸಿಬಿಡುತ್ತೀರಿ. ಪಕ್ಕದ ಮನೆಯ ಬಾವಾಕ ಭಾನುವಾರ ದಮ್ಮಾಮಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಬ್ಯಾರಿ ಹಾಡುಗಳನ್ನೆಲ್ಲ ಒಂದು ಡೇಟಾಬೇಸಿಗೆ ಸೇರಿಸುವ ಕೆಲಸ ನಾನು ಮನೆಯಲ್ಲೇ ಕೂತು ಮಾಡುತ್ತಿರುವುದು ನಿಮಗೆ ಗೊತ್ತಲ್ಲ. ಮಂಗಳವಾರ ನೀವು ಹಾಡಿದ ‘ಮದರಂಗಿ ಕೈ’ ಆಲ್ಬಮ್ ಎರಡು ಸಲ ಬಂತು. ಅದೇ ಹೆಸರು, ಅದೇ ಆರು ಹಾಡು, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಒಂದನ್ನೇ ಯಾರೋ ಎರಡು ಸಲ ಸೇರಿಸಿದ್ದಾರೆ ಎಂದುಕೊಂಡೆ. ಅಳಿಸುವ ಮೊದಲು ಎರಡನ್ನೂ ಕೇಳಬೇಕೆಂಬುದು ನಮ್ಮ ನಿಯಮ, ಕೇಳಿದೆ. ನಾಲ್ಕನೆಯ ಹಾಡು ನನಗೆಂದೇ ಕಟ್ಟಿದ್ದು ಎಂದು ಮದುವೆಯ ವಾರ ನೀವು ಕೇಳಿಸಿದ್ದಿರಲ್ಲ, ಅದರ ಕೊನೆಯ ಚರಣದಲ್ಲಿ ಸಬೀಹಾ ಎಂದಿದೆ. ಇನ್ನೊಂದರಲ್ಲಿ ಅದೇ ಜಾಗಕ್ಕೆ ರಿಫಾ.

ಬುಧವಾರ ಉಮ್ಮನಿಗೆ ಚೆಕಪ್ ಎಂದು ಸುಳ್ಳು ಹೇಳಿ, ವೇಣೂರು ದಾರಿಯ ಬಸ್ಸು ಹತ್ತಿ ಲಾಯಿಲದ ಸ್ಟುಡಿಯೋಕ್ಕೆ ಹೋದೆ. ಎರಡನ್ನೂ ರೆಕಾರ್ಡ್ ಮಾಡಿದ ನಿಮ್ಮ ದೋಸ್ತಿ ಅಸ್ಕರ್ ಚಾ ತರಿಸಿದರು, ಫ್ಯಾನ್ ನನ್ನ ಕಡೆಗೆ ತಿರುಗಿಸಿದರು, ಬೇರೆ ಏನೇನೋ ಮಾತಾಡಿದರು. ನಾನು ಏಳಲಿಲ್ಲ. ಕೊನೆಗೆ, “ಅದು ನಿಮ್ಮ ಮದುವೆಗಿಂತ ಎರಡು ವರ್ಷ ಮೊದಲಿನದ್ದು. ಬೆಳುವಾಯಿಯ ಹುಡುಗಿ. ಅವಳನ್ನು ಬೇರೆ ಕಡೆ ಕೊಟ್ರು. ಆ ವಾರವೇ ಇವ ಬಂದು ಹಾಡಿದ್ದು. ಈಗ ಅದೆಲ್ಲ ಯಾಕೆ ತಂಗಿ, ಬಿಡಿ” ಅಂದರು.

ಬಿಡಲು ಆಗಲಿಲ್ಲ. ಮನೆಗೆ ಬಂದು ಎರಡನ್ನೂ ಮತ್ತೆ ಮತ್ತೆ ಕೇಳಿದೆ. ನನ್ನದರಲ್ಲಿ ತಬಲ ಜೋರು, ಕೋರಸ್ಸು ಉಂಟು, ನಿಮ್ಮ ಸ್ವರ ಎಲ್ಲಿಯೂ ತಪ್ಪುವುದಿಲ್ಲ. ಅವಳದರಲ್ಲಿ ಹೆಸರು ಬರುವಲ್ಲಿ ನಿಮ್ಮ ಗಂಟಲು ಕಟ್ಟುತ್ತದೆ, ಮುಂದಿನ ಸಾಲು ಒಂದು ಉಸಿರು ತಡವಾಗಿ ಬರುತ್ತದೆ. ಒಳ್ಳೆಯ ಹಾಡು ಅವಳದೇ. ಹೊಟ್ಟೆ ಉರಿಯುವುದು ಅದಕ್ಕೇ. ಅವಳು ನಿಮ್ಮನ್ನು ಮೊದಲು ಕಂಡಳೆಂದು ಅಷ್ಟು ಸಂಕಟವಿಲ್ಲ. ನನ್ನ ಹೆಸರು ಹೇಳುವಾಗ ನಿಮ್ಮ ಗಂಟಲು ಯಾಕೆ ಕಟ್ಟಲಿಲ್ಲ?

ನಿನ್ನೆ ಬೆಳಿಗ್ಗೆ ಅವಳದನ್ನು ‘ನಕಲು’ ಎಂದು ಗುರುತು ಹಾಕಿ ಅಳಿಸಿಬಿಟ್ಟೆ. ಸಂಜೆವರೆಗೆ ಮನಸ್ಸು ಹಗುರವಾಗಿತ್ತು, ಉಮ್ಮ ಸುಟ್ಟ ಅಕ್ಕಿ ಪತ್ತಿರ್ ಎರಡು ಹೆಚ್ಚೇ ತಿಂದೆ. ಇವತ್ತು ಎದ್ದಾಗ ನಾಚಿಕೆಯಾಯಿತು. ನಕಲು ಯಾವುದೆಂದು ನನಗೆ ಗೊತ್ತಿತ್ತಲ್ಲ. ವಾಪಸು ಹಾಕಿದೆ. ಬೇರೆ ಬೇರೆ ಧ್ವನಿಮುದ್ರಣ ಎಂದು ಬರೆದು 2021, 2023 ಎಂದು ಇಸವಿ ಕೊಟ್ಟೆ. ಹಾಡಿನಲ್ಲಿ ಬರುವ ಹೆಸರು ಎಂಬಲ್ಲಿ ಅವಳ ಹೆಸರನ್ನು ನನ್ನ ಕೈಯಾರೆ ಟೈಪ್ ಮಾಡಿದೆ.

ಇಲ್ಲಿ ಎಲ್ಲರೂ ನಿಮಗೆ ಸಲಾಂ ಹೇಳಿದ್ದಾರೆ. ಬಿಸಿಲಿಗೆ ಟೊಪ್ಪಿಯಿಲ್ಲದೆ ಸೈಟಿಗೆ ಇಳಿಯಬೇಡಿ. ಅಲ್ಲಾಹು ನಿಮ್ಮನ್ನು ಕಾಪಾಡಲಿ.

ನಿಮ್ಮ
ಸಬೀಹಾ

ವಿ.ಸೂ.: ಹೆಣ್ಣಾದರೆ ರಿಫಾ ಎಂದು ಇಡುವ, ಕರೆಯಲು ಚೆಂದ ಉಂಟು ಎಂದು ಹೋದ ತಿಂಗಳು ನೀವು ಹೇಳಿದಾಗ ನಾನೂ ಹೂಂ ಅಂದಿದ್ದೆ. ಇಡುವುದಿಲ್ಲ. ಉಮ್ಮನಿಗೆ ಹೇಳಿ ಆಯಿತು. ಕಾರಣ ಕೇಳಿದರು. ನೀವೇ ಹೇಳುತ್ತೀರಿ ಎಂದಿದ್ದೇನೆ.