ವೀರರಿಗೆ ಒಂದೇ ಬಣ್ಣವಂತೆ

ಮೇಯರ್ ಸಾಹೇಬ್ರೇ, ನಮ್ಮಕ್ಕ ಯಾಸ್ನಾಳ ಹೆಸರನ್ನ ನಿಮ್ಮ ವೀರರ ಗೋಡೆಯಿಂದ ಕಿತ್ತು ಹಾಕಿಸಿ. ಭಾನುವಾರ ಪರದೆ ಸರಿಯೋಕೆ ಮುಂಚೆ. ನಿಮ್ಮ ಹತ್ರ ಕೇಳೋದು ಅಷ್ಟೇ, ಉಳಿದದ್ದು ಊರಿನವರು ಓದ್ಲಿ ಅಂತ. ಜರ್ಮನಿಯಲ್ಲಿ ಛಾವಣಿ ಕೆಲಸ ಮುಗಿಸಿ ಬಂದು, ನಿದ್ದೆ ಬರದೆ ಫೋನಿಗೆ ಹೇಳ್ತಾ ಇದೀನಿ. ಗೆಳೆಯ ಬರ್ಕೊಂಡು ಪೇಪರಿಗೆ ಕೊಡ್ತಾನೆ. ಮಾತು ಒರಟಾಗಿದ್ರೆ ಅದು ಅವನದಲ್ಲ, ನಂದು.

"ತನ್ನ ಜನಾಂಗಕ್ಕಾಗಿ ಪ್ರಾಣ ಕೊಟ್ಟ ವೀರಪುತ್ರಿ" ಅಂತ ಕೆತ್ತಿಸಿದ್ದೀರಂತೆ. ಯಾವ ಜನಾಂಗ ಸ್ವಾಮಿ? ಪ್ರವಾಹದ ದಿನ ಅವಳು ದೋಣಿ ಬಿಟ್ಟಿದ್ದು ಆಚೆ ದಡಕ್ಕೆ. ನೀವು ಭಾಷಣದಲ್ಲಿ 'ಅವರು' ಅಂತೀರಲ್ಲ, ಆ ಅವರ ಕಡೆಗೆ. ಬೋಸ್ನಿಯಾದ ನಮ್ಮೂರಿಗೆ ಒಂದೇ ನದಿ, ಅಗ್ನಿಶಾಮಕ ದಳ ಮಾತ್ರ ದಡಕ್ಕೊಂದು: ಈಚೆ ಕ್ಯಾಥೊಲಿಕರದ್ದು, ಆಚೆ ಮುಸ್ಲಿಮರದ್ದು. ಅವತ್ತು ಅವರ ಶೆಡ್ಡೇ ಮುಳುಗಿತ್ತು. ನಮ್ಮ ಶೆಡ್ಡಲ್ಲಿ ಮೋಟಾರು ದೋಣಿಗಳು ಬೆಚ್ಚಗೆ ಬೀಗದೊಳಗೆ ಕೂತಿದ್ವು. ಮೀನು ಹಿಡಿಯೋ ಆಂತೆ ಮಾಮ ಬೀಗ ತೆಗೆಸಿ ಅಂತ ನಿಮಗೆ ಫೋನ್ ಮಾಡ್ದ. ಪಕ್ಕದಲ್ಲೇ ಯಾಸ್ನಾ ನಿಂತಿದ್ಲು, ಅಮ್ಮನೂ ಇದ್ಲು. ಫೋನಲ್ಲಿ ನೀವಂದದ್ದು ಮೂವರಿಗೂ ಕೇಳಿಸ್ತು: "ಆಂತೆ, ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಅವರದ್ದನ್ನ ಅವರು ನೋಡ್ಕೊಳ್ಲಿ."

ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡ್ತಿದ್ದ ಹುಡುಗಿ, ಮಾಮನ ಹುಟ್ಟು ಹಾಕೋ ದೋಣಿ ತಗೊಂಡು ಹೋದ್ಲು. ಆಚೆ ದಡದ ಹಾಯ್ರಾ ಅಜ್ಜೀನೂ ಅವಳ ಮೊಮ್ಮಕ್ಕಳನ್ನೂ ಈಚೆ ತಂದು ಬಿಟ್ಟು ಮತ್ತೆ ಹೋದ್ಲು. ಆಮೇಲೆ ಬರೀ ದೋಣಿ ಬಂತು.

ನಮ್ಮಲ್ಲಿ ಸಾವಿನ ಚೀಟಿ ಕಂಬಕ್ಕೆ, ಮರಕ್ಕೆ ಅಂಟಿಸ್ತೀವಿ. ಹಸಿರು ಅಂಚು ಮುಸ್ಲಿಮರಿಗೆ, ಶಿಲುಬೆ ಇರೋ ಕಪ್ಪು ಅಂಚು ಕ್ಯಾಥೊಲಿಕರಿಗೆ. ಜನ ಮೊದಲು ಅಂಚು ನೋಡ್ತಾರೆ, ಆಮೇಲೆ ಹೆಸರು. ತೀರಿಕೊಂಡ ಅಪ್ಪ ಕಪ್ಪು, ಅಮ್ಮ ಸೆನಾದಾ ಹಸಿರು. ಅದಕ್ಕೆ ಅಮ್ಮ ಅಕ್ಕನ ಒಂದೇ ಫೋಟೋ ಹಾಕಿಸಿ ಪ್ರತಿ ಕಂಬಕ್ಕೂ ಎರಡೆರಡು ಚೀಟಿ ಅಂಟಿಸಿದ್ಲು, ಕಪ್ಪೊಂದು ಹಸಿರೊಂದು. ಮಾರನೇ ದಿನಕ್ಕೆ ನಿಮ್ಮ ಕಚೇರಿಯವರು ಹಸಿರನ್ನೆಲ್ಲ ಕೆರೆದು ಹಾಕಿದ್ರು. ಕೇಳೋಕೆ ಬಂದವಳಿಗೆ ಕಾಫಿ ತರಿಸಿ ನೀವು ಬುದ್ಧಿ ಹೇಳಿದ್ರಿ: "ಸೆನಾದಾ ಅಮ್ಮ, ವೀರರಿಗೆ ಒಂದೇ ಬಣ್ಣ ಇರ್ಬೇಕು. ಎರಡಾದ್ರೆ ಜನಕ್ಕೆ ಗೊಂದಲ."

ಅಮ್ಮ ಕಾಫಿ ಮುಟ್ಟಲಿಲ್ಲ. "ನನ್ನ ಮಗಳು ಸಿಕ್ಕಾಗ ಕೆಸರಿನ ಬಣ್ಣ ಇದ್ಲಪ್ಪ," ಅಂದ್ಲಂತೆ. "ಅದನ್ನ ಬಳಿಸು ನಿನ್ನ ಗೋಡೆಗೆ."

ಸಾಹೇಬ್ರೇ, ನೀವು ಒಂದು ಬೀಗ ತೆಗೆಸಿದ್ದಿದ್ರೆ ನಮ್ಮಕ್ಕ ವೀರಪುತ್ರಿ ಆಗ್ತಿರಲಿಲ್ಲ. ಇವತ್ತೂ ಅಂಗಡೀಲಿ ಕೂತು, ನಿಮ್ಮ ಬಿಪಿ ಮಾತ್ರೆ ಕಟ್ಟಿಕೊಡ್ತಾ ನಿಮ್ಮನ್ನೇ ಆಡ್ಕೊಂಡು ನಗ್ತಿದ್ಲು. ಕೆಲಸ ಮಾಡೋ ಕಡೆ ವೀರರು ಯಾಕೆ ಬೇಕು? ಸುಮ್ನೆ ಕೂತ ಕುರ್ಚಿಗೆ ತಾನೇ ಅವರ ಹೆಣ ಬೇಕಾಗೋದು?

ಪರದೆ ಎಳೆದು ಎರಡು ಮಾತಾಡೋಕೆ ಅಮ್ಮನ್ನೇ ಕರೆದಿದ್ದೀರಿ. ಅವಳು ಒಪ್ಪಿದಾಳೆ. ನಾಳೆ ನಾನೂ ಬಸ್ಸು ಹತ್ತೀನಿ. ಹೆಸರು ತೆಗೆಸಿದ್ರೆ, ಸಮಾಧಿಗೆ ಹೂವಿಟ್ಟು ಮನೆಗೆ ಹೋಗ್ತೀವಿ. ಇಲ್ಲಾಂದ್ರೆ ಆಂತೆ ಮಾಮನೂ ಹಾಯ್ರಾ ಅಜ್ಜೀನೂ ವೇದಿಕೆ ಮೇಲೆ ಅಮ್ಮನ ಅಕ್ಕಪಕ್ಕ ನಿಂತಿರ್ತಾರೆ. ಫೋನಲ್ಲಿ ನೀವಾಡಿದ ಮಾತನ್ನ ಅಮ್ಮ ಒಂದಕ್ಷರ ಬಿಡದೆ ಹೇಳ್ತಾಳೆ, ನಿಮ್ಮ ಹೆಂಡ್ತಿ ಮಕ್ಕಳ ಎದುರಿಗೇ. ಟಿವಿಯವರನ್ನೂ ಕರೆಸಿದ್ದೀರಂತೆ, ಪುಣ್ಯ ಬರ್ಲಿ. ಮೈಕ್ ಆರಿಸೋ ಯೋಚನೆ ಇದ್ರೆ ಬಿಟ್ಬಿಡಿ. ಗಂಡು ದಿಕ್ಕಿಲ್ಲದ ಮನೆ ನಡೆಸಿದ ಹೆಂಗಸು, ಅವಳ ಗಂಟಲು ನಿಮಗಿನ್ನೂ ಗೊತ್ತಿಲ್ಲ.

ಇಂತಿ,
ಜನಗಣತಿಯಲ್ಲಿ ನೀವು 'ಇತರೆ' ಅಂತ ತುರುಕಿದ ಮನೆಯಲ್ಲಿ ಉಳಿದಿರೋ ಒಬ್ಬನೇ ಮಗ,
ಡೆನಿಸ್