ಟರ್ಕಿ ಮರಿಗಳ ಮೊದಲ ತುತ್ತು

ತಲಘಟ್ಟಪುರ, ೧೯೯೮

ಅವ್ವಾ,

ಇವತ್ತು ನಮ್ಮ ಮಹಿಳಾ ಸಂಘದ ಶೆಡ್ಡಿನಲ್ಲಿ ಹನ್ನೊಂದು ಟರ್ಕಿ ಕೋಳಿ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದೆ. ತಾಯಿ ತುಳಿದರೆ ಸಾಯುತ್ತವೆ, ಬಲ್ಬಿನ ಕಾವೇ ಒಳ್ಳೆಯದು ಎಂದು ಕೈಪಿಡಿಯಲ್ಲಿತ್ತು. ಅಚ್ಚಾದದ್ದನ್ನೆಲ್ಲ ನಾನು ನಂಬುತ್ತೇನೆ, ನಿನಗೆ ಗೊತ್ತಲ್ಲ.

ತಾಯಿ ಜಾಲರಿಯಾಚೆ ಕೂಗುತ್ತಲೇ ಇತ್ತು. ಮರಿಗಳು ನುಚ್ಚಿನ ಮೇಲೆಯೇ ನಿಂತಿದ್ದರೂ ತಿನ್ನಲಿಲ್ಲ.

"ತಿನ್ನೋದು ತಾಯಿ ಕಲಿಸ್ಬೇಕು ಕಣೇ. ಊರಿಗೆಲ್ಲ ಹಂಚಿದಂಗೆ ಅವಕ್ಕೂ ಕರಪತ್ರ ಹಂಚ್ತೀಯಾ? ಬೆರಳಲ್ಲಿ ಕುಕ್ಕಿ ತೋರ್ಸು" ಎಂದು ಸಂಘದ ಬಸವಲಿಂಗಮ್ಮ ನಕ್ಕರು.

ಕೂತು ಕುಕ್ಕಿ ತೋರಿಸಿದೆ. ಒಂದು ಮರಿ ತಿಂದಿತು, ಆಮೇಲೆ ಎಲ್ಲವೂ. ಅವು ತಿನ್ನುತ್ತಿರುವಾಗಲೇ ಸದ್ದಾಗದಂತೆ ಎದ್ದು ಬಂದೆ.

ತ್ಯಾಗರಾಜನಗರದ ಹಾಸ್ಟೆಲಿಗೆ ನನ್ನನ್ನು ಬಿಡಲು ಬಂದ ದಿನ ನೀನು ನನ್ನ ತಟ್ಟೆಯಿಂದ ಒಂದು ತುತ್ತು ತಿಂದು, "ಉಣ್ಣು ನನ್ನವ್ವಾ" ಎಂದೆ. ತಲೆ ಎತ್ತಿದಾಗ ನೀನಿರಲಿಲ್ಲ. ನನಗಾಗ ಆರು ವರ್ಷ. ಹದಿನೆಂಟಕ್ಕೆ, ಮಕ್ಕಳನ್ನು ಹಾಸ್ಟೆಲಿಗೆ ತಳ್ಳುವುದು ದ್ರೋಹ ಎಂದು ಕರಪತ್ರ ಬರೆದೆ. ಓದಲು ಬಾರದ ನಿನಗೆ ಅದನ್ನು ಗಟ್ಟಿಯಾಗಿ ಓದಿಯೂ ಹೇಳಿದೆ. ನೀನು ಕೊನೆಯವರೆಗೂ ಕೇಳಿ, ನನಗೆ ಊಟಕ್ಕಿಟ್ಟೆ.

ಇವತ್ತು ಶೆಡ್ಡಿನ ಬಾಗಿಲ ಹೊರಗೆ ಕತ್ತಲಾಗುವವರೆಗೂ ನಿಂತಿದ್ದೆ. ಹಾಸ್ಟೆಲಿನ ಗೇಟಿನಾಚೆ ಆವತ್ತು ನೀನು ಎಷ್ಟು ಹೊತ್ತು ನಿಂತಿದ್ದೆ, ಅವ್ವಾ? ನೀನು ಬದುಕಿದ್ದಾಗ ನಾನು ಕೇಳಲೇ ಇಲ್ಲ.