ಬಟ್ಟೆಯಲ್ಲಿ ಕಟ್ಟಿಡದ ಸೊಪ್ಪು

ಅಮ್ಮಾ,

ನಿನ್ನ ಮೊಮ್ಮಗಳಿಗೆ ರಕ್ತ ಕಡಿಮೆಯಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಜೊತೆಗೆ ನುಗ್ಗೆಸೊಪ್ಪು ತಿನ್ನಿಸಿ, ಕಬ್ಬಿಣದಂಶ ಚೆನ್ನಾಗಿರುತ್ತೆ" ಎಂದರು. ನಮ್ಮ ಹಿತ್ತಲ ಮರದ ಕಾಯಿಗೆ ಬೀದಿಯವರೆಲ್ಲ ಬರುತ್ತಾರೆ. ಸೊಪ್ಪನ್ನು ಮಾತ್ರ ನೀನು ಹೋದ ಮೇಲೆ ಕೇಳುವವರೇ ಇಲ್ಲ. ಇವತ್ತು ನಾನೇ ಒಂದು ಕೊಂಬೆ ಮುರಿದು ತಂದೆ.

ಗೊಣಗುತ್ತಾ ಎಲೆ ಬಿಡಿಸುತ್ತಿದ್ದರೆ ಪಕ್ಕದ ಮನೆ ಆಂಟಿ ಬಂದು ನಕ್ಕರು.

"ಯಾಕಿಷ್ಟು ಒದ್ದಾಡ್ತೀಯ? ರಾತ್ರಿ ಬಟ್ಟೇಲಿ ಕಟ್ಟಿಟ್ಟು ಬೆಳಗ್ಗೆ ಒದರಿದ್ರೆ ಎಲೆ ತಾನಾಗೇ ಉದುರುತ್ತೆ. ನಿಮ್ಮಮ್ಮನೇ ನಂಗೆ ಹೇಳ್ಕೊಟ್ಟಿದ್ದು."

ನನ್ನ ಕೈ ಹಾಗೇ ನಿಂತಿತು. ಇಷ್ಟು ಗೊತ್ತಿದ್ದೂ ನೀನು ವಾರ ವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊರದ ತುಂಬ ಸೊಪ್ಪು ಬಿಡಿಸುತ್ತಿದ್ದೆ. "ಸ್ಕೂಲಲ್ಲಿ ಏನಾಯ್ತೇ?" ಎಂದು ಕೇಳುತ್ತಿದ್ದೆ. ಎದ್ದು ಆಟಕ್ಕೆ ಓಡುವ ಆತುರದಲ್ಲಿ ನಾನು "ಏನಿಲ್ಲ" ಅನ್ನುತ್ತಿದ್ದೆ.

ಆಂಟಿ ಹೋದ ಮೇಲೆ ಮಗಳನ್ನು ಕರೆದೆ. "ಸೊಪ್ಪು ತಿನ್ನೋಕೆ ನಾನೇನು ಮೇಕೆನಾ?" ಎನ್ನುತ್ತಲೇ ಮೊರದ ಆಚೆ ಕೂತಳು. ಅರ್ಧ ಕೊಂಬೆ ಮುಗಿಯುವಷ್ಟರಲ್ಲಿ, ಗೆಳತಿಯ ಜೊತೆ ಮಾತು ಬಿಟ್ಟ ಕತೆಯನ್ನೆಲ್ಲ ತಾನಾಗಿಯೇ ಹೇಳಿದಳು. ನಾನು ಬೇಕೆಂದೇ ನಿಧಾನವಾಗಿ ಬಿಡಿಸಿದೆ.

ಬಟ್ಟೆಯ ಉಪಾಯವನ್ನು ಅವಳಿಗೆ ಹೇಳಲಿಲ್ಲ.